ಹಳೆಯ ಮನೆಯ ಕಲ್ಲುಮಾಳಿಗೆ: ಬಿಚ್ಚುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹೊಸ ಮನೆ ಕಟ್ಟುವವರಿಗೆ ಅಡಿಪಾಯದ ಚಿಂತೆ. ಹಳೆಯ ಮನೆಯಲ್ಲಿ ಬಾಳುವವರಿಗೆ ಮಾಳಿಗೆಯ ಚಿಂತೆ. ಕಲಬುರಗಿ, ಬೀದರ, ಯಾದಗಿರಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳೆಯ ಊರುಗಳಲ್ಲಿ ಅಜ್ಜ ಮುತ್ತಜ್ಜಂದಿರು ಕಟ್ಟಿಸಿದ ಮನೆಗಳು ಇಂದಿಗೂ ಅನೇಕ ಕುಟುಂಬಗಳಿಗೆ ಆಶ್ರಯವಾಗಿವೆ. ಎರಡು ಮೊಳ ದಪ್ಪದ ಗೋಡೆ, ಸಾಗುವಾನಿಯ ಕಂಬ, ಕೆತ್ತನೆಯ ಬೋದಿಗೆ, ಪಡಸಾಲೆ, ದೇವರ ಜಗುಲಿ, ನಡುಮನೆಗೆ ಬೆಳಕು ಚೆಲ್ಲುವ ಬೆಳಕಿಂಡಿ, ಇವೆಲ್ಲವುಗಳ ಮೇಲೆ ಕಲ್ಲು ಮಣ್ಣುಗಳ ಮಾಳಿಗೆ. ಬೇಸಿಗೆಯ ಉರಿಬಿಸಿಲಿನಲ್ಲಿಯೂ ಒಳಗೆ ತಂಪು ನೀಡಿ, ಹಪ್ಪಳ ಸಂಡಿಗೆ ಒಣಗಿಸಲು, ಜೋಳ ಹರವಲು, ರಾತ್ರಿ ಹಾಸಿಗೆ ಹಾಸಲು ಎಡೆಯಾಗಿ ಮೂರು ನಾಲ್ಕು ತಲೆಮಾರುಗಳನ್ನು ಸಲಹಿದ ಮಾಳಿಗೆ ಅದು.

ಆದರೆ ಕಾಲ ಕಳೆದಂತೆ ಮಾಳಿಗೆ ಸೋರತೊಡಗುತ್ತದೆ. ಜಂತೆಗಳು ಬಾಗುತ್ತವೆ, ಸಂದಿನಿಂದ ಮಣ್ಣು ಉದುರುತ್ತದೆ. ಆಗ ಮನೆಯಲ್ಲಿ ಮಾತು ಆರಂಭವಾಗುತ್ತದೆ: ಇದನ್ನು ತೆಗೆದುಹಾಕಿ ಸ್ಲ್ಯಾಬು ಹಾಕಿಸೋಣವೇ? ತಗಡು ಹೊದಿಸೋಣವೇ? ಹೀಗೆಯೇ ರಿಪೇರಿ ಮಾಡಿಸೋಣವೇ? ನಿರ್ಧಾರವು ಸಾಮಾನ್ಯವಾಗಿ ಹಣದ ಅನುಕೂಲವನ್ನು ನೋಡಿ ಆಗುತ್ತದೆಯೇ ಹೊರತು ಮನೆಯ ಸ್ಥಿತಿಯನ್ನು ನೋಡಿ ಆಗುವುದಿಲ್ಲ. ಮಾಳಿಗೆ ಬದಲಿಸುವ ಕೆಲಸ ಮನೆಯ ಬಣ್ಣ ಬದಲಿಸುವ ಕೆಲಸದಂತಲ್ಲ. ಮಾಳಿಗೆಯ ಭಾರವನ್ನು ಯಾವುದು ಹೊತ್ತಿದೆ, ಯಾವುದು ಹೊರಲಾರದ ಸ್ಥಿತಿಗೆ ಬಂದಿದೆ ಎಂಬುದನ್ನು ಅರಿಯದೆ ಒಂದು ಕಲ್ಲನ್ನೂ ಕದಲಿಸಬಾರದು. ಈ ಲೇಖನದ ಸಾರವೆಲ್ಲ ಇಷ್ಟೇ. ಉಳಿದುದು ಅದರ ವಿವರಣೆ.

ಮಾಳಿಗೆಯ ರಚನೆ

ನಮ್ಮ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಒಂದು ಎಡೆ ಒಂದು ಅಂಕಣ. ಅಡಿಗಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆಗಳು. ಜಂತೆಗಳ ಮೇಲೆ ಕೆಲವೆಡೆ ಹಲಗೆ, ಕೆಲವೆಡೆ ಕಟ್ಟಿಗೆಯ ಸೀಳು. ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಗಳಲ್ಲಿ ಕಲ್ಲು ಹೇರಳವಾಗಿ ದೊರೆಯುವುದರಿಂದ ಅಲ್ಲಿ ಫರಸಿ ಕಲ್ಲಿನ ಚಪ್ಪಡಿಗಳನ್ನೇ ಜಂತೆಯಿಂದ ಜಂತೆಗೆ ಹಾಸುವುದುಂಟು. ಆ ಚಪ್ಪಡಿಯ ಮೇಲೆ ಮಣ್ಣಿನ ದಪ್ಪನೆಯ ಹೊದಿಕೆ.

ಶಹಾಬಾದ್ ಕಲ್ಲು ಒಂದು ಬಗೆಯ ಸುಣ್ಣಕಲ್ಲು. ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಶೇಖರಗೊಂಡು ಗಟ್ಟಿಯಾದುದು. ಆ ಪದರುಗಳ ಗುಂಟ ಉಳಿ ಇಟ್ಟು ಬಡಿದರೆ ಚಪ್ಪಟೆಯಾಗಿ ಎದ್ದು ಬರುತ್ತದೆ. ಆದುದರಿಂದಲೇ ಅದು ನೆಲಕ್ಕೂ ಸಲ್ಲುತ್ತದೆ, ಮಾಳಿಗೆಗೂ ಸಲ್ಲುತ್ತದೆ.

ಮೇಲೆ ಹರವುತ್ತಿದ್ದ ಮಣ್ಣಿನಲ್ಲಿಯೂ ಹಿರಿಯರ ಅನುಭವ ಅಡಗಿದೆ. ಬೆಳೆ ಬಾರದ ಚೌಳು ಮಣ್ಣನ್ನು (ಕೆಲವೆಡೆ ಇದನ್ನು ಕರ್ಲು ಮಣ್ಣು ಎನ್ನುತ್ತಾರೆ) ಹುಡುಕಿ ತಂದು ಮಾಳಿಗೆಗೆ ಹಾಕುತ್ತಿದ್ದರು. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ಏಕೆ ವರವಾಯಿತು? ಆ ಮಣ್ಣಿನಲ್ಲಿ ಸೋಡಿಯಂ ಅಂಶ ಅಧಿಕ. ನೀರು ತಾಗಿದೊಡನೆ ಅದರ ಜೇಡಿಯ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಹರಡಿ, ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಕ್ಕೆ ಇಳಿಯದೆ ಮೇಲೆಯೇ ಹರಿದು ದೋಣಿಯ ಮೂಲಕ ಹೊರಗೆ ಬೀಳುತ್ತದೆ. ಹೊಲದಲ್ಲಿ ಬೇರಿಗೆ ನೀರು ಇಳಿಯಗೊಡದ ಗುಣವೇ ಮಾಳಿಗೆಯ ಮೇಲೆ ಮನೆಯೊಳಗೆ ನೀರು ಇಳಿಯಗೊಡದ ಗುಣವಾಯಿತು.

ಹೀಗೆ ಭಾರವು ಮಣ್ಣಿನಿಂದ ಚಪ್ಪಡಿಗೆ, ಚಪ್ಪಡಿಯಿಂದ ಜಂತೆಗೆ, ಜಂತೆಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೂ ಗೋಡೆಗೂ ಇಳಿಯುತ್ತದೆ. ಮಾಳಿಗೆಯೆಂಬುದು ಒಂದು ಕೂಡು ಕುಟುಂಬ. ಒಬ್ಬನು ಕುಸಿದರೆ ಅವನ ಹೊರೆ ಇನ್ನೊಬ್ಬನ ಹೆಗಲಿಗೆ ಬೀಳುತ್ತದೆ. ಬಹುಕಾಲ ಯಾರಿಗೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ.

ಕಲ್ಲು ಉಳಿಯುತ್ತದೆ, ಹಿಡಿದುದು ಸವೆಯುತ್ತದೆ

ಕಲ್ಲಿನ ಹೊದಿಕೆಯ ಮನೆಗಳು ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ನಾವು ಅಕ್ಷರ ತಿದ್ದಿದ ಪಾಟಿಯ ಕಲ್ಲು, ಅಂದರೆ ಸ್ಲೇಟು, ಅನೇಕ ದೇಶಗಳಲ್ಲಿ ಮನೆಯ ಮಾಡಿಗೆ ಬಳಕೆಯಾಗಿದೆ. ಆಂಧ್ರದ ಮಾರ್ಕಾಪುರ ಪಾಟಿಗೆ ಹೆಸರಾದರೆ, ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಧರ್ಮಶಾಲೆಯ ಬಳಿಯ ಖನಿಯಾರಾ ಮೊದಲಾದ ಕಡೆ ತೆಗೆದ ಸ್ಲೇಟು ಇಳಿಜಾರು ಮಾಡುಗಳಿಗೆ ಹೆಸರಾಗಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ಲೇಟು ಜಗತ್ತಿನ ನಾನಾ ಭಾಗಗಳಿಗೆ ಹೋಯಿತು. ಅಲ್ಲಿಯ ಸ್ಲೇಟಿನ ಗಣಿಸೀಮೆಯನ್ನು ಯುನೆಸ್ಕೋ ಸಂಸ್ಥೆಯು ೨೦೨೧ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಮಾಡುಗಳ ರೀತಿ ಬೇರೆ. ಇಳಿಜಾರಾಗಿ ನಿಲ್ಲಿಸಿದ ಕಟ್ಟಿಗೆಯ ಮೇಲೆ ಅಡ್ಡಪಟ್ಟಿ ಹೊಡೆದು, ತೆಳುವಾದ ಸ್ಲೇಟಿನ ಬಿಲ್ಲೆಗಳನ್ನು ಸೂರಿನಿಂದ ಆರಂಭಿಸಿ ಮೇಲಕ್ಕೆ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವ ಹಾಗೆ ಮೊಳೆಯಿಂದ ಕೂಡಿಸುತ್ತಾರೆ. ಒಳ್ಳೆಯ ಸ್ಲೇಟು ನೂರು ವರ್ಷಕ್ಕೂ ಮೀರಿ ಬಾಳುತ್ತದೆ. ಹಾಗಿದ್ದರೂ ಆ ಮಾಡು ಒಂದು ದಿನ ಸೋರುತ್ತದೆ, ಬಿಲ್ಲೆಗಳು ಜಾರಿ ಬೀಳುತ್ತವೆ. ಕಾರಣ ಹುಡುಕಿದರೆ ಅನೇಕ ಸಲ ಕಲ್ಲು ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸವೆದಿರುತ್ತದೆ. ಆದುದರಿಂದ ಅಲ್ಲಿಯ ಅನುಭವಸ್ಥ ಕೆಲಸಗಾರರು ಮಾಡನ್ನು ಬಿಚ್ಚುವಾಗ ಪ್ರತಿಯೊಂದು ಬಿಲ್ಲೆಯನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಗಂಟೆಯಂತೆ ನಾದ ಬಂದರೆ ಅದು ಗಟ್ಟಿ. ಮಂದವಾದ ಶಬ್ದ ಬಂದರೆ ಒಳಗೆ ಬಿರುಕಿದೆ. ಗಟ್ಟಿಯಾದುವನ್ನೆಲ್ಲ ಆರಿಸಿ, ಕಟ್ಟಿಗೆಯನ್ನು ಸರಿಪಡಿಸಿ, ತಾಮ್ರದ ಮೊಳೆಯಿಂದ ಮತ್ತೆ ಕೂಡಿಸುತ್ತಾರೆ. ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಹೊಸ ಕಲ್ಲು.

ಈ ಪಾಠ ನಮ್ಮ ಫರಸಿ ಮಾಳಿಗೆಗೂ ಅಕ್ಷರಶಃ ಅನ್ವಯಿಸುತ್ತದೆ. ನಮ್ಮ ಚಪ್ಪಡಿಗಳು ಸುಲಭವಾಗಿ ಹಾಳಾಗುವುದಿಲ್ಲ. ಹಾಳಾಗುವುದು ಅವುಗಳ ಕೆಳಗಿನ ಜಂತೆ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ, ಚಪ್ಪಡಿಗಳ ನಡುವಣ ಸಂದು. ಸಂದಿನ ಮಹತ್ವವನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಬಲ್ಲವರಾಗಿದ್ದರು. ಐಹೊಳೆಯ ಲಾಡಖಾನ ಗುಡಿಯ ಇಳಿಜಾರು ಕಲ್ಲುಚಾವಣಿಯನ್ನು ಗಮನಿಸಿ ನೋಡಿದವರಿಗೆ, ಎರಡು ಚಪ್ಪಡಿಗಳು ಕೂಡುವೆಡೆಯಲ್ಲೆಲ್ಲ ಮರದ ದಿಮ್ಮಿಯಂತಹ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮೇಲೆ ಕೂಡಿಸಿರುವುದು ಕಾಣುತ್ತದೆ. ನೀರು ಕಲ್ಲನ್ನು ತೂರಿ ಬರುವುದಿಲ್ಲ, ಸಂದಿನಲ್ಲಿ ನುಸುಳಿ ಬರುತ್ತದೆ ಎಂಬ ಅರಿವೇ ಆ ಪಟ್ಟಿಗಳ ಹಿಂದಿದೆ.

ಭಾರದ ಲೆಕ್ಕ

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಅದರ ಮೇಲಿನ ಚಾವಣಿ ೧೨೦ ಚದರಡಿ. ಒಂದೂವರೆ ಅಂಗುಲ ದಪ್ಪದ ಫರಸಿ ಹಾಸಿದ್ದರೆ ಕಲ್ಲಿನ ಭಾರವೇ ಒಂದು ಟನ್ನಿಗಿಂತ ಹೆಚ್ಚು. ಅದರ ಮೇಲೆ ಒಂದು ಅಡಿ ಮಣ್ಣಿದ್ದರೆ ಆ ಮಣ್ಣಿನ ಭಾರ ಐದು ಟನ್ನಿಗೂ ಮೀರುತ್ತದೆ. ಒಕ್ಕಲುತನದ ಲೆಕ್ಕದಲ್ಲಿ ಹೇಳುವುದಾದರೆ, ಆ ಕೋಣೆಯ ಮೇಲೆ ಒಂದೊಂದು ಅಂಗುಲ ಮಣ್ಣು ಸುಮಾರು ನಾಲ್ಕೂವರೆ ಕ್ವಿಂಟಲ್ ತೂಗುತ್ತದೆ. ಜಡಿಮಳೆಯಲ್ಲಿ ಮಣ್ಣು ನೀರು ಕುಡಿದಾಗ ಇದಕ್ಕೆ ಇನ್ನೂ ಒಂದು ಟನ್ನಿನಷ್ಟು ಸೇರಬಹುದು.

ಮಾಳಿಗೆಯನ್ನು ಕಟ್ಟಿದಾಗ ಇಷ್ಟು ಮಣ್ಣು ಇರಲಿಲ್ಲವೆಂಬುದನ್ನು ಗಮನಿಸಬೇಕು. ಸೋರಿದಾಗಲೆಲ್ಲ ಮಳೆಗಾಲಕ್ಕೆ ಮುನ್ನ ಹೊಸ ಮಣ್ಣನ್ನು ಹಳೆಯ ಮಣ್ಣಿನ ಮೇಲೆಯೇ ಹಾಕುತ್ತ ಬಂದುದು ವಾಡಿಕೆ. ಹಳೆಯದನ್ನು ಕೆರೆದು ಕೆಳಗಿಳಿಸುವ ಶ್ರಮವನ್ನು ಎಲ್ಲರೂ ತೆಗೆದುಕೊಳ್ಳಲಿಲ್ಲ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಅರ್ಧ ಅಡಿಯಿದ್ದುದು ಒಂದು ಅಡಿಯಾಯಿತು, ಕೆಲವೆಡೆ ಅದಕ್ಕೂ ಹೆಚ್ಚಾಯಿತು. ಅದೇ ಅವಧಿಯಲ್ಲಿ ಜಂತೆಗಳು ಮುಪ್ಪಾದವು. ಹೊರೆ ಹೆಚ್ಚುತ್ತ, ಹೊರುವ ಶಕ್ತಿ ಕುಂದುತ್ತ ಹೋಯಿತು.

ಇದರ ಪರಿಣಾಮವನ್ನು ನಮ್ಮ ನೆರೆಯ ಸೀಮೆ ಕಂಡಿದೆ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ಬೀದರ ಜಿಲ್ಲೆಯ ಗಡಿಗೆ ಹೊಂದಿದ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಕಂಪಿಸಿತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದ ರಾತ್ರಿ ಅದು. ಕಂಪನದ ಪ್ರಮಾಣ ೬.೨ರಷ್ಟು. ಏಳೂವರೆ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂತಹ ಪ್ರಮಾಣದ ಕಂಪನಕ್ಕೆ ಅಷ್ಟೊಂದು ಸಾವು ಏಕಾಯಿತೆಂದು ತಜ್ಞರು ಪರಿಶೀಲಿಸಿದಾಗ ಕಂಡುಬಂದ ಮುಖ್ಯ ಕಾರಣ ಮನೆಗಳೇ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಮಣ್ಣಿನ ಭಾರವಾದ ಮಾಳಿಗೆ. ಆ ಗೋಡೆಗಳು ಹೊರಗಿನಿಂದ ಒಂದಾಗಿ ಕಂಡರೂ ಒಳಗೆ ಎರಡು ಮೈ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು ಕಲ್ಲು, ನಡುವೆ ಚೂರುಗಲ್ಲು ಮಣ್ಣು. ಎರಡನ್ನೂ ಬಂಧಿಸುವ ಉದ್ದನೆಯ ಕಟ್ಟುಗಲ್ಲುಗಳು ಇರಲಿಲ್ಲ. ಭೂಮಿ ನಡುಗಿದಾಗ ಎರಡು ಮೈಗಳು ಬೇರೆಬೇರೆಯಾಗಿ ಕುಸಿದವು. ಕೆಲವು ಮನೆಗಳಲ್ಲಿ ಕಂಬ ತೊಲೆಗಳ ಚೌಕಟ್ಟು ನಿಂತೇ ಇದ್ದು, ಗೋಡೆಗಳು ಮಾತ್ರ ಮಲಗಿದವರ ಮೇಲೆ ಬಿದ್ದಿದ್ದವು.

ಭೂಕಂಪವೇ ಆಗಬೇಕೆಂದಿಲ್ಲ. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಭೀಕರ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು, ಲಕ್ಷಾಂತರ ಮನೆಗಳು ಬಿದ್ದವು ಇಲ್ಲವೆ ಜಖಂಗೊಂಡವು. ನೆನೆದು ಭಾರವಾದ ಮಾಳಿಗೆ, ನೆನೆದು ಮೆತ್ತಗಾದ ಮಣ್ಣಿನ ಗೋಡೆ, ಇವೆರಡೂ ಒಂದೇ ರಾತ್ರಿ ಕೂಡಿದರೆ ಏನಾಗುತ್ತದೆಂಬುದನ್ನು ಆ ಮಳೆ ತೋರಿಸಿತು. ಮಾಳಿಗೆಯ ಪ್ರಶ್ನೆ ಮನೆಯ ಅಂದಚೆಂದದ ಪ್ರಶ್ನೆಯಲ್ಲ, ಅದರ ಕೆಳಗೆ ಮಲಗುವ ಮಕ್ಕಳು ಮರಿಗಳ ಪ್ರಾಣದ ಪ್ರಶ್ನೆ.

ಮೊದಲು ಪರೀಕ್ಷೆ

ವೈದ್ಯರು ಔಷಧಕ್ಕೆ ಮುನ್ನ ನಾಡಿ ನೋಡುವಂತೆ, ಮಾಳಿಗೆಗೆ ಕೈ ಹಚ್ಚುವ ಮುನ್ನ ಮನೆಯನ್ನು ಕ್ರಮವಾಗಿ ಪರೀಕ್ಷಿಸಬೇಕು. ಇದಕ್ಕೆ ಬೇಕಾದ ಉಪಕರಣಗಳು ಒಂದು ದಬ್ಬಣ, ಒಂದು ಚಿಕ್ಕ ಸುತ್ತಿಗೆ, ಒಂದು ದಾರ, ಒಂದು ಬ್ಯಾಟರಿ ದೀಪ.

ತೊಲೆ ಮತ್ತು ಜಂತೆಗಳ ತುದಿಗಳನ್ನು, ಅಂದರೆ ಅವು ಗೋಡೆಯೊಳಗೆ ಸೇರುವ ಭಾಗವನ್ನು ದಬ್ಬಣದಿಂದ ಚುಚ್ಚಬೇಕು. ಗಟ್ಟಿ ಕಟ್ಟಿಗೆಯಲ್ಲಿ ದಬ್ಬಣದ ಮೊನೆ ಮಾತ್ರ ಇಳಿಯುತ್ತದೆ. ಅಂಗುಲದಷ್ಟು ಸಲೀಸಾಗಿ ಇಳಿದರೆ ಅಲ್ಲಿ ಕೊಳೆತವಿದೆ ಅಥವಾ ಗೆದ್ದಲು ತಿಂದಿದೆ. ನಡುಭಾಗ ಎಷ್ಟೇ ಹೊಳಪಾಗಿದ್ದರೂ ಮೋಸಹೋಗಬಾರದು. ಕಟ್ಟಿಗೆಯ ರೋಗ ಸಾಮಾನ್ಯವಾಗಿ ಗಾಳಿಯಾಡದ ತುದಿಯಲ್ಲಿಯೇ ಆರಂಭವಾಗುತ್ತದೆ.

ಜಂತೆಯ ಕೆಳಗೆ ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದರೆ ಎಷ್ಟು ಬಾಗಿದೆಯೆಂಬುದು ತಿಳಿಯುತ್ತದೆ. ಅಳತೆಯನ್ನು ಬರೆದಿಟ್ಟು ಆರು ತಿಂಗಳ ನಂತರ ಮತ್ತೆ ನೋಡಬೇಕು. ಹಳೆಯ ಬಾಗು ಹಾಗೆಯೇ ನಿಂತಿದ್ದರೆ ಅವಕಾಶವುಂಟು, ಹೆಚ್ಚುತ್ತಿದ್ದರೆ ತಡಮಾಡಬಾರದು.

ಗೋಡೆಯ ಮೂಲೆಗಳಲ್ಲಿ ಮೇಲಿನಿಂದ ಕೆಳಗೆ ಬಿರುಕು ಬಿಟ್ಟಿದೆಯೇ, ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದೆಯೇ ನೋಡಬೇಕು. ಉಬ್ಬಿದ ಗೋಡೆಯೆಂದರೆ ಅದರ ಎರಡು ಮೈಗಳು ಬೇರ್ಪಡುತ್ತಿವೆ ಎಂದರ್ಥ. ಅಂತಹ ಗೋಡೆಯನ್ನು ಸರಿಪಡಿಸದೆ ಮಾಳಿಗೆಯ ವಿಚಾರ ಎತ್ತುವುದೇ ಸಲ್ಲದು.

ಕೊನೆಗೆ ಮೇಲೆ ಏರಿ ಸೋರಿಕೆಯ ಮೂಲವನ್ನು ಹುಡುಕಬೇಕು. ಒಳಗೆ ಹನಿ ಬೀಳುವ ಸ್ಥಳಕ್ಕೂ ಮೇಲೆ ನೀರು ನುಗ್ಗುವ ಸ್ಥಳಕ್ಕೂ ಹಲವು ಅಡಿಗಳ ಅಂತರ ಇರಬಹುದು. ಇಲಿ ಹೆಗ್ಗಣಗಳ ಬಿಲ, ಕುಂಬಿಯ ಬುಡದಲ್ಲಿ ಬಾಯಿಬಿಟ್ಟ ಸಂದು, ಕಸ ತುಂಬಿ ಕಟ್ಟಿಕೊಂಡ ದೋಣಿ, ಬೆಳಕಿಂಡಿಯ ಸುತ್ತಲಿನ ತಗ್ಗು, ಬೇರು ಬಿಟ್ಟ ಅರಳಿ ಅಥವಾ ಬೇವಿನ ಸಸಿ, ಇವೇ ಹೆಚ್ಚಾಗಿ ಮೂಲಗಳು. ಕಾರಣ ಇಷ್ಟೇ ಆಗಿದ್ದು ಕಟ್ಟಿಗೆ ಗಟ್ಟಿಯಾಗಿದ್ದರೆ ಮಾಳಿಗೆಯನ್ನು ಬದಲಿಸುವ ಅಗತ್ಯವೇ ಇಲ್ಲ. ಹೆಚ್ಚುವರಿ ಮಣ್ಣನ್ನು ಇಳಿಸಿ, ಇಳಿಜಾರು ಸರಿಪಡಿಸಿದರೆ ಸಾಕು. ಒಂದು ಅಡಿಯ ಮಣ್ಣನ್ನು ಅರ್ಧ ಅಡಿಗೆ ತಂದರೆ ಮೇಲೆ ಹೇಳಿದ ಕೋಣೆಯೊಂದರಿಂದಲೇ ಸುಮಾರು ಎರಡೂವರೆ ಟನ್ನು ಹೊರೆ ಇಳಿಯುತ್ತದೆ.

ಒಂದು ಎಚ್ಚರಿಕೆ. ಸೋರುವ ಮಣ್ಣಿನ ಮಾಳಿಗೆಯ ಮೇಲೆ ನೇರವಾಗಿ ಸಿಮೆಂಟು ಸಾರಿಸುವುದು ಸುಲಭದ ಉಪಾಯವೆಂದು ಅನೇಕರು ಭಾವಿಸುತ್ತಾರೆ. ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಹಾಗೆ ಆಡುವುದಿಲ್ಲ. ಒಂದೆರಡು ಮಳೆಗಾಲಗಳಲ್ಲಿ ಅದು ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಗಿಳಿದ ನೀರು ಮತ್ತೆ ಆರಿಹೋಗಲು ದಾರಿಯಿಲ್ಲದೆ ಕೆಳಗಿನ ಕಟ್ಟಿಗೆಯನ್ನು ಕೊಳೆಸುತ್ತದೆ. ಮೇಲಿನಿಂದ ಮಾಳಿಗೆ ಹೊಸದಾಗಿ ಕಾಣುತ್ತಿರುವಾಗಲೇ ಒಳಗೆ ಅದು ಸಾಯುತ್ತಿರುತ್ತದೆ.

ಒಂದು ತೊಲೆ, ಎರಡು ಮನೆ

ನಮ್ಮ ಕುಟುಂಬಗಳಲ್ಲಿ ವಿಶೇಷವಾಗಿ ಯೋಚಿಸಬೇಕಾದ ಒಂದು ವಿಷಯವಿದೆ. ಹಿರಿಯರ ಮನೆಯನ್ನು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡಾಗ ಪಡಸಾಲೆಯ ನಡುವೆ ಒಂದು ಗೋಡೆ ಏಳುತ್ತದೆ. ಕಾಗದದ ಮೇಲೆ ಎರಡು ಮನೆಗಳಾಗುತ್ತವೆ. ಆದರೆ ಮೇಲಿನ ತೊಲೆಗೆ ಆ ಕಾಗದದ ಅರಿವಿಲ್ಲ. ಅದು ಮೊದಲಿನಂತೆಯೇ ಎರಡೂ ಪಾಲಿನ ಮೇಲೆ ಹಾಯ್ದಿರುತ್ತದೆ. ಎಷ್ಟೋ ವೇಳೆ ನಡುವೆ ಎದ್ದ ಗೋಡೆ ತೆಳುವಾದ ಮರೆಗೋಡೆಯಾಗಿದ್ದು, ಭಾರ ಹೊರುವ ಯೋಗ್ಯತೆಯೇ ಅದಕ್ಕೆ ಇರುವುದಿಲ್ಲ.

ಇಂತಹ ಮನೆಯಲ್ಲಿ ಒಬ್ಬರು ತಮ್ಮ ಪಾಲಿನ ಮಾಳಿಗೆಯನ್ನು ಬಿಚ್ಚಿ ತೊಲೆಯನ್ನು ನಡುವೆ ಕತ್ತರಿಸಿದರೆ, ಇನ್ನೊಬ್ಬರ ಪಾಲಿನ ತುದಿಗೆ ಆಧಾರವೇ ಇಲ್ಲದಂತಾಗುತ್ತದೆ. ಒಂದು ಕಡೆಯ ಭಾರ ಇದ್ದಕ್ಕಿದ್ದಂತೆ ಇಳಿದರೆ ಇನ್ನೊಂದು ಕಡೆಯ ಒತ್ತಡಕ್ಕೆ ಎದುರೊತ್ತು ಇಲ್ಲದೆ ಗೋಡೆ ವಾಲಬಹುದು. ಹಾಗೆಯೇ ಹಳೆಯ ಓಣಿಗಳಲ್ಲಿ ನೆರೆಮನೆಯವರ ಜಂತೆಗಳು ನಮ್ಮ ಗೋಡೆಯಲ್ಲಿಯೂ ನಮ್ಮ ಜಂತೆಗಳು ಅವರ ಗೋಡೆಯಲ್ಲಿಯೂ ಊರಿರುವುದು ಸಾಮಾನ್ಯ.

ಆದುದರಿಂದ ಕೆಲಸಕ್ಕೆ ಮುನ್ನ ಭಾಗಸ್ಥರೆಲ್ಲರೂ ಒಂದೆಡೆ ಕುಳಿತು ಮಾತನಾಡಬೇಕು. ಸಾಧ್ಯವಿದ್ದರೆ ಇಡೀ ಮಾಳಿಗೆಯ ಕೆಲಸವನ್ನು ಒಟ್ಟಿಗೆ ಮಾಡಿಸುವುದು ಲೇಸು. ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಒಟ್ಟಿಗೆ ಮಾಡಿಸಲು ಆಗದಿದ್ದರೆ ತೊಲೆ ಕತ್ತರಿಸುವ ಮುನ್ನವೇ ಇನ್ನೊಂದು ಪಾಲಿನ ಕಡೆಗೆ ಅಡಿಗಲ್ಲಿನ ಮೇಲೆ ಗಟ್ಟಿಯಾದ ಹೊಸ ಕಂಬ ನಿಲ್ಲಿಸಿಕೊಡಬೇಕು. ಒಪ್ಪಂದವನ್ನು ಬರವಣಿಗೆಯಲ್ಲಿ ಮಾಡಿಕೊಂಡು ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಅನುಮತಿಯನ್ನೂ ಪಡೆಯಬೇಕು. ಮಾತು ಬಿಟ್ಟ ಮನೆಗಳಲ್ಲಿ ಇದು ಕಷ್ಟವೆಂಬುದು ನಿಜ. ಆದರೆ ಮಾಳಿಗೆ ಬಿದ್ದರೆ ಅದು ಜಗಳವಾಡಿದವರನ್ನು ಮಾತ್ರ ಆರಿಸಿಕೊಂಡು ಬೀಳುವುದಿಲ್ಲ. ಮಾಳಿಗೆಯ ನೆಪದಿಂದಲಾದರೂ ಅಣ್ಣತಮ್ಮಂದಿರು ಎದುರುಬದುರು ಕುಳಿತರೆ ಹಿರಿಯರ ಆತ್ಮಕ್ಕೆ ಶಾಂತಿಯೇ ದೊರೆಯುತ್ತದೆ.

ಬಿಚ್ಚುವ ಕ್ರಮ

ಸಂಕ್ರಾಂತಿ ಕಳೆದು ರೋಹಿಣಿ ಮಳೆ ಹಿಡಿಯುವವರೆಗಿನ ಅವಧಿ ಈ ಕೆಲಸಕ್ಕೆ ತಕ್ಕದ್ದು. ಯುಗಾದಿಯ ನಂತರ ಆರಂಭಿಸಿದರೆ ಮಿರಗದ ಮಳೆಯೊಳಗೆ ಮುಗಿಸುವ ಅವಸರ ಬೀಳುತ್ತದೆ. ಅವಸರದ ಕೆಲಸವೇ ಅಪಘಾತದ ಮೂಲ. ಕೆಲಸ ನಡೆಯುವ ಅಂಕಣದ ಕೆಳಗೆ ಯಾರೂ ವಾಸಿಸಬಾರದು, ದನಕರುಗಳನ್ನೂ ಕಟ್ಟಬಾರದು. ವಿದ್ಯುತ್ ಸಂಪರ್ಕವನ್ನು ಮೊದಲೇ ತೆಗೆಯಿಸಬೇಕು.

ಎಲ್ಲಕ್ಕೂ ಮೊದಲು ತೊಲೆ ಜಂತೆಗಳ ಕೆಳಗೆ ಸಾಲಾಗಿ ಆಸರೆಯ ಕಂಬಗಳನ್ನು ನಿಲ್ಲಿಸಬೇಕು. ಆಮೇಲೆ ಕುಂಬಿಯನ್ನು ಇಳಿಸಬೇಕು. ಅನಂತರ ಮಣ್ಣನ್ನು ಪದರ ಪದರವಾಗಿ, ಎರಡು ಬದಿಯಿಂದಲೂ ಸಮನಾಗಿ ತೆಗೆಯಬೇಕು. ತೆಗೆದ ಮಣ್ಣನ್ನು ಮಾಳಿಗೆಯ ಒಂದು ಮೂಲೆಯಲ್ಲಿ ರಾಶಿ ಹಾಕಲೇಬಾರದು. ಕೆಳಗಿಳಿಸಿದ ಮಣ್ಣನ್ನು ಗೋಡೆಯ ಬುಡಕ್ಕೆ ಒಟ್ಟದೆ ದೂರ ಸಾಗಿಸಬೇಕು. ಇಲ್ಲದಿದ್ದರೆ ಮುಂದಿನ ಮಳೆಯ ನೀರು ಗೋಡೆಯ ಬುಡದಲ್ಲಿ ನಿಂತು ಅಡಿಪಾಯವನ್ನು ಮೆತ್ತಗೆ ಮಾಡುತ್ತದೆ.

ಮಣ್ಣೆಲ್ಲ ಇಳಿದ ಮೇಲೆ ಚಪ್ಪಡಿಗಳ ಸರದಿ. ಕೆಲಸಗಾರರು ಚಪ್ಪಡಿಯ ಮೇಲೆ ಕಾಲಿಡದೆ, ಎರಡು ಮೂರು ಜಂತೆಗಳ ಮೇಲೆ ಹಾಯ್ದ ಹಲಗೆಯ ಮೇಲೆ ನಿಂತಿರಬೇಕು. ಒಂದೊಂದು ಚಪ್ಪಡಿಯನ್ನೂ ಇಬ್ಬರು ಹಿಡಿದು ಇಳಿಸಬೇಕು, ಮೇಲಿನಿಂದ ಎಸೆಯಬಾರದು. ಇಳಿಸಿದ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ, ನಾದ ಬಂದುದನ್ನು ಒಂದೆಡೆ, ಬಾರದುದನ್ನು ಒಂದೆಡೆ ಅಂಚಿನ ಮೇಲೆ ನಿಲ್ಲಿಸಿಡಬೇಕು. ಮಾಳಿಗೆಗೆ ಸಲ್ಲದ ಕಲ್ಲು ಅಂಗಳಕ್ಕೆ ಸಲ್ಲುತ್ತದೆ, ಬಚ್ಚಲಿಗೆ ಸಲ್ಲುತ್ತದೆ. ಕೆತ್ತನೆಯ ಬೋದಿಗೆ, ತೊಲೆಗಳಿಗೆ ಬಳಪದಿಂದ ಗುರುತು ಹಾಕಿ ಯಾವುದು ಎಲ್ಲಿತ್ತೆಂದು ನಕ್ಷೆ ಬರೆದಿಟ್ಟುಕೊಂಡರೆ ಮರಳಿ ಕೂಡಿಸುವಾಗ ಗೊಂದಲವಾಗದು. ಇಂದು ಅಂತಹ ಸಾಗುವಾನಿಯನ್ನು ಕೊಳ್ಳಹೋದರೆ ಸಿಗುವುದು ದುರ್ಲಭ. ತುದಿ ಕೊಳೆತ ತೊಲೆಯಲ್ಲಿಯೂ ಗಟ್ಟಿ ಭಾಗವನ್ನು ಉಳಿಸಿ, ಕಿರಿದಾದ ಅಂಕಣಕ್ಕೆ ಜಂತೆಯಾಗಿ ಬಳಸಬಹುದು.

ಮತ್ತೆ ಏನನ್ನು ಹೊದಿಸಬೇಕು?

ಇದಕ್ಕೆ ಎಲ್ಲ ಮನೆಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ಮುಖ್ಯವಾದ ದಾರಿಗಳು ಮೂರು.

ಮೊದಲನೆಯದು, ಅದೇ ಕಲ್ಲನ್ನು ಹಗುರಾದ ರೀತಿಯಲ್ಲಿ ಮರಳಿ ಹಾಸುವುದು. ಗೋಡೆಗಳು ಗಟ್ಟಿಯಾಗಿದ್ದ ಮನೆಗೆ ಇದು ಉತ್ತಮ. ಕೆಟ್ಟ ಜಂತೆಗಳ ಬದಲಿಗೆ ಹೊಸ ಕಟ್ಟಿಗೆಯನ್ನಾಗಲಿ ಕಬ್ಬಿಣದ ಗರ್ಡರುಗಳನ್ನಾಗಲಿ ಕೂಡಿಸಿ, ಅವುಗಳ ಮೇಲೆ ಆರಿಸಿದ ಫರಸಿ ಹಾಸಿ, ಸಂದುಗಳನ್ನು ಗಚ್ಚಿನಿಂದ ತುಂಬಬೇಕು. ಅದರ ಮೇಲೆ ಅಡಿಗಟ್ಟಲೆ ಮಣ್ಣಿನ ಬದಲಾಗಿ ಇಟ್ಟಿಗೆಯ ಜಲ್ಲಿ ಮತ್ತು ಸುಣ್ಣದ ಮೂರು ನಾಲ್ಕು ಅಂಗುಲದ ಹೊದಿಕೆ. ಈ ಹೊದಿಕೆಯನ್ನು ಹಾಕಿದ ಮೇಲೆ ಹಲವು ದಿನ ಕಟ್ಟಿಗೆಯ ಕೊಡತಿಯಿಂದ ಹದವಾಗಿ ಬಡಿದು ಬಿಗಿಗೊಳಿಸುವುದು ನಮ್ಮ ಹಳೆಯ ಗೌಂಡಿಗಳ ಪದ್ಧತಿ. ಬಡಿತ ಕಡಿಮೆಯಾದರೆ ಸೋರಿಕೆ ನಿಶ್ಚಿತ. ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲು ಪ್ರತಿಫಲಿಸಿ ಒಳಗಿನ ಕಾವೂ ತಗ್ಗುತ್ತದೆ.

ಎರಡನೆಯದು, ತಗಡು ಅಥವಾ ಹೆಂಚಿನ ಹಗುರ ಮಾಡು. ಗೋಡೆ ದುರ್ಬಲವಾಗಿದ್ದು ಕೈಯಲ್ಲಿ ಹಣ ಕಡಿಮೆಯಿದ್ದರೆ ಇದು ಪ್ರಾಣಕ್ಕೆ ಕ್ಷೇಮಕರ. ಆದರೆ ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಬರಿಯ ತಗಡಿನ ಕೆಳಗೆ ಹಗಲು ಕಳೆಯುವುದು ವೃದ್ಧರಿಗೂ ಹಸುಗೂಸುಗಳಿಗೂ ಶಿಕ್ಷೆ. ತಗಡಿನ ಕೆಳಗೆ ಗಾಳಿಯಾಡುವ ಎಡೆ ಬಿಟ್ಟು ಬೇರೊಂದು ಒಳಚಾವಣಿ ಹಾಕಿಸಬೇಕು. ಬಿರುಗಾಳಿಗೆ ಹಾರದಂತೆ ಮಾಡನ್ನು ಗೋಡೆಗೆ ಬಿಗಿಯಾಗಿ ಬಂಧಿಸಬೇಕು. ಮೇಲೆ ಬರಿಯ ಕಲ್ಲು ಹೇರಿ ಬಿಟ್ಟರೆ ಸಾಲದು. ಆಸ್‌ಬೆಸ್ಟಾಸ್ ಹಾಳೆಗಳನ್ನು ಬಳಸದಿರುವುದು ಒಳ್ಳೆಯದು. ಹಳೆಯ ಹಾಳೆಗಳನ್ನು ಒಡೆಯುವಾಗ, ಕೊಯ್ಯುವಾಗ ಏಳುವ ಸೂಕ್ಷ್ಮ ನಾರುಗಳು ಶ್ವಾಸಕೋಶದ ಮಾರಕ ವ್ಯಾಧಿಗಳಿಗೆ ಕಾರಣವಾಗುತ್ತವೆ.

ಮೂರನೆಯದು, ಎಲ್ಲರ ಮನಸ್ಸಿನಲ್ಲಿರುವ ಆರ್.ಸಿ.ಸಿ. ಸ್ಲ್ಯಾಬು. ಐದು ಅಂಗುಲದ ಸ್ಲ್ಯಾಬು ನಾವು ಲೆಕ್ಕ ಹಾಕಿದ ಕೋಣೆಯ ಮೇಲೆ ಸುಮಾರು ಮೂರೂವರೆ ಟನ್ನು ತೂಗುತ್ತದೆ. ಒಂದು ಅಡಿ ಮಣ್ಣಿನ ಮಾಳಿಗೆಗಿಂತ ಇದು ಹಗುರವೇ ಸರಿ. ಹಾಗಿದ್ದ ಮೇಲೆ ಚಿಂತೆಯೇನು? ಚಿಂತೆ ಗೋಡೆಯದು. ಹಳೆಯ ಮನೆಯಲ್ಲಿ ಭಾರದ ದೊಡ್ಡ ಪಾಲನ್ನು ಕಂಬಗಳು ಹೊತ್ತಿದ್ದವು. ಸ್ಲ್ಯಾಬು ಬಂದಾಗ ಕಂಬಗಳನ್ನು ಅಡ್ಡಿಯೆಂದು ಕಿತ್ತು, ಎಲ್ಲ ಭಾರವನ್ನು ಮಣ್ಣಿನ ಗಾರೆಯ ಗೋಡೆಗೆ ಹೊರಿಸುತ್ತಾರೆ. ಎಷ್ಟೋ ಕಡೆ ಸ್ಲ್ಯಾಬು ಗೋಡೆಯ ಒಳಮೈಯ ಮೇಲೆ ಮಾತ್ರ ಕುಳಿತಿರುತ್ತದೆ. ಮೇಲಾಗಿ, ಸ್ಲ್ಯಾಬು ಬಿದ್ದೊಡನೆ ಅದರ ಮೇಲೊಂದು ಅಂತಸ್ತು ಏರಿಸುವ ಆಸೆ ಮೂಡುತ್ತದೆ. ನೋಡಲು ಗಟ್ಟಿಯಾದ ಆ ಮನೆಯ ಕಾಲು ಮಾ‍ತ್ರ ಮೊದಲಿನ ಮಣ್ಣಿನದೇ.

ಸ್ಲ್ಯಾಬು ಬೇಕೇ ಬೇಕೆಂದಿದ್ದರೆ ಅನುಭವಿ ಇಂಜಿನಿಯರರಿಂದ ಅಡಿಪಾಯವನ್ನೂ ಗೋಡೆಯನ್ನೂ ಪರೀಕ್ಷೆ ಮಾಡಿಸಬೇಕು. ಸ್ಲ್ಯಾಬನ್ನು ಹೊರಲು ತಮ್ಮದೇ ಅಡಿಪಾಯವುಳ್ಳ ಹೊಸ ಕಂಬಗಳನ್ನು ಒಳಗೆ ಎಬ್ಬಿಸಿ, ಹಳೆಯ ಗೋಡೆಗಳನ್ನು ಬರಿಯ ಮರೆಯಾಗಿ ಉಳಿಸಿಕೊಳ್ಳುವುದು ಸುರಕ್ಷಿತ ಮಾರ್ಗ. ಆಗಲೂ ಆ ಗೋಡೆಗಳು ಒಳಕ್ಕೆ ಬೀಳದಂತೆ ಬಂಧಿಸಬೇಕೆಂಬುದನ್ನು ಮರೆಯಬಾರದು. ಮುಂದೆ ಅಂತಸ್ತು ಏರಿಸುವುದಿದ್ದರೆ ಅದನ್ನು ಮೊದಲೇ ಹೇಳಬೇಕು, ನಂತರ ಯೋಚಿಸಿದರೆ ಫಲವಿಲ್ಲ.

ಯಾವ ದಾರಿಯನ್ನು ಹಿಡಿದರೂ ಮಾಳಿಗೆ ಬಿಚ್ಚಿದ ಸಮಯವು ಗೋಡೆಯನ್ನು ಬಲಪಡಿಸಲು ಸಿಕ್ಕ ಸುಸಂಧಿ. ಕಿಲ್ಲಾರಿಯ ದುರಂತದ ನಂತರ ಹಳೆಯ ಮನೆಗಳ ಬಲವರ್ಧನೆಗೆ ಸೂಚಿಸಲಾದ ಕ್ರಮಗಳು ಸರಳವಾಗಿವೆ. ಮಾಳಿಗೆಯ ಮಣ್ಣನ್ನು ಕಡಿಮೆ ಮಾಡುವುದು. ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ತೆಗೆದು ಎರಡು ಮೈಗಳನ್ನೂ ಬಂಧಿಸುವ ಕಟ್ಟುಗಲ್ಲು ಅಥವಾ ಕಬ್ಬಿಣ ಸಹಿತ ಕಾಂಕ್ರೀಟನ್ನು ಕೂಡಿಸುವುದು. ಕಂಬ ಮತ್ತು ತೊಲೆ ಸೇರುವೆಡೆ ಓರೆಯಾದ ಆಸರೆ ಕೊಡುವುದು. ಗೋಡೆಗಳ ನೆತ್ತಿಯ ಮೇಲೆ ಮನೆಯ ಸುತ್ತಲೂ ಒಂದೇ ಸಮನೆ ಹಾಯುವ ಕಾಂಕ್ರೀಟಿನ ಪಟ್ಟಿಯನ್ನು ಹಾಕುವುದು. ಸೊಂಟಕ್ಕೆ ಬಿಗಿದ ನಡುಪಟ್ಟಿಯಂತೆ ಈ ಪಟ್ಟಿಯು ನಾಲ್ಕು ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ. ಇಂತಹ ಮನೆಗಳಿಗಾಗಿಯೇ ಭಾರತೀಯ ಮಾನಕ ಸಂಸ್ಥೆಯು ೧೯೯೩ರಲ್ಲಿ ಐ.ಎಸ್. ೧೩೮೨೮ ಎಂಬ ಮಾರ್ಗದರ್ಶಿಯನ್ನು ಪ್ರಕಟಿಸಿತು. ಇಂಜಿನಿಯರರೊಡನೆ ಮಾತನಾಡುವಾಗ ಅದರ ಹೆಸರನ್ನು ಹೇಳಿದರೆ ಅವರಿಗೆ ನಿಮ್ಮ ಉದ್ದೇಶ ಸ್ಪಷ್ಟವಾಗುತ್ತದೆ.

ವರ್ಷದ ಆರೈಕೆ

ಹೊಸದಾಗಲಿ ಹಳೆಯದಾಗಲಿ, ಮಾಳಿಗೆಯು ಆರೈಕೆಯನ್ನು ಬೇಡುತ್ತದೆ. ಮಳೆಗಾಲಕ್ಕೆ ಮುನ್ನ ದೋಣಿಗಳ ಕಸ ತೆಗೆಯುವುದು, ಎಳೆಯ ಸಸಿಗಳನ್ನು ಬೇರುಸಹಿತ ಕೀಳುವುದು, ಬಿಲಗಳನ್ನು ಮುಚ್ಚುವುದು, ತಗ್ಗುಗಳನ್ನು ತುಂಬಿ ಇಳಿಜಾರು ಕಾಯುವುದು, ಹೊಸ ಮಣ್ಣು ಹಾಕುವುದಿದ್ದರೆ ಅಷ್ಟೇ ಹಳೆಯ ಮಣ್ಣನ್ನು ಮೊದಲು ಇಳಿಸುವುದು. ಹಿಂದೆ ಪ್ರತಿ ಮನೆಯಲ್ಲಿ ಈ ಕೆಲಸಗಳನ್ನು ಹಿರಿಯರೊಬ್ಬರು ತಪ್ಪದೆ ಮಾಡುತ್ತಿದ್ದರು. ಮಕ್ಕಳು ಉದ್ಯೋಗಕ್ಕಾಗಿ ಪಟ್ಟಣ ಸೇರಿ, ಹಳ್ಳಿಯ ಮನೆಯಲ್ಲಿ ವೃದ್ಧ ತಂದೆ ತಾಯಿಗಳಷ್ಟೇ ಉಳಿದಿರುವಲ್ಲಿ ಮಾಳಿಗೆ ಏರುವವರೇ ಇಲ್ಲವಾಗಿದೆ. ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದ ಮಕ್ಕಳು ಒಂದು ಮುಂಜಾವನ್ನು ಮಾಳಿಗೆಗೆ ಮೀಸಲಿಟ್ಟರೆ ಅದೂ ಹೆತ್ತವರ ಸೇವೆಯೇ ಆಗುತ್ತದೆ. ನಮ್ಮ ಹಳೆಯ ಮಠಗಳ, ಗುಡಿಗಳ ಮಾಳಿಗೆಗಳಿಗೂ ಇದೇ ಮಾತು ಅನ್ವಯ. ಹುಣ್ಣಿಮೆ ಅಮಾವಾಸ್ಯೆಗೆ ನೂರಾರು ಭಕ್ತರು ಸೇರುವ ಸ್ಥಳದ ಜಂತೆಗಳನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ನೋಡಿಸುವುದು ಅಲ್ಲಿಯ ಆಡಳಿತದವರ ಹೊಣೆ.

ಮಾಳಿಗೆಯ ಕೆಲಸ ಬಲ್ಲ ಬಡಿಗರು, ಗೌಂಡಿಗಳು, ಕಲ್ಲುಕುಟಿಗರು ಇನ್ನೂ ಊರೂರಲ್ಲಿ ಇದ್ದಾರೆ. ಅವರಲ್ಲಿ ಅನೇಕರು ವಯಸ್ಸಾದವರು. ಅವರ ಕಾಯಕಕ್ಕೆ ತಕ್ಕ ಕೂಲಿ ಕೊಟ್ಟು, ಜೊತೆಗೆ ಒಬ್ಬ ಹುಡುಗನನ್ನು ಕೆಲಸ ಕಲಿಯಲು ಹಚ್ಚಿದರೆ ಒಂದು ಮನೆಯ ಮಾಳಿಗೆಯೊಡನೆ ಒಂದು ವಿದ್ಯೆಯೂ ಉಳಿಯುತ್ತದೆ.

ಹಳೆಯ ಮನೆಯನ್ನು ಉಳಿಸಲೇಬೇಕೆಂಬ ಹಟವೂ ಬೇಡ, ಕೆಡವಿಯೇ ತೀರಬೇಕೆಂಬ ಆತುರವೂ ಬೇಡ. ಹೊರುವವನ ಬಲವರಿತು ಹೊರೆಯನ್ನು ಹೊರಿಸುವುದೇ ವಿವೇಕ. ಓದುಗ ಬಂಧುಗಳು ಬರುವ ಮಳೆಗಾಲಕ್ಕೆ ಮುನ್ನ ಒಂದು ದಬ್ಬಣ ಹಿಡಿದು, ತಾವು ಮಲಗುವ ಕೋಣೆಯ ತೊಲೆಯ ತುದಿಯನ್ನು ಒಮ್ಮೆ ಚುಚ್ಚಿ ನೋಡಬೇಕೆಂದು ಕೋರುತ್ತೇವೆ.